ಸ್ಪೋರ್ಟ್ಸ್ ಕಾರಿನ ಟೈರ್ ಬೇಗ ಸವೆಯುತ್ತಿದೆಯಾ? ಹೊಸದು ಕೊಳ್ಳುವ ಮೊದಲು ಹಳೆಯದನ್ನು ನೋಡಿ

"ಟೈರ್ ಬೇಗ ಹೋಯ್ತು, ಜಾಸ್ತಿ ಬಾಳುವ ಟೈರ್ ಯಾವುದು?" ಎಂದು ಕೇಳಿದರೆ ಬಹಳ ಜನ ನೇರವಾಗಿ ಒಂದು ಬ್ರ್ಯಾಂಡ್ ಹೆಸರು ಹೇಳಿಬಿಡುತ್ತಾರೆ. ಆದರೆ ಕಾರು ಹಳೆಯ ಟೈರನ್ನು ಒಂದು ಬದಿಯಿಂದ ತಿಂದಿದ್ದರೆ, ಹೊಸದನ್ನೂ ಅಲ್ಲಿಂದಲೇ ತಿನ್ನುತ್ತದೆ. ನಡಿಗೆ ಸೊಟ್ಟಗಿದ್ದರೆ ಎಷ್ಟು ಗಟ್ಟಿ ಚಪ್ಪಲಿ ತಂದರೂ ಹಿಮ್ಮಡಿಯ ಅದೇ ಮೂಲೆ ಸವೆಯುತ್ತದಲ್ವಾ, ಹಾಗೆ. ಆದ್ದರಿಂದ ಈ ಬರಹದಲ್ಲಿ ಟೈರ್ ಆಯ್ಕೆ ಕೊನೆಗೆ ಬರುತ್ತದೆ. ಮೊದಲು ಪತ್ತೆ ಕೆಲಸ.

ಇದು ದೋಷವಾ, ಕಾರಿನ ಸ್ವಭಾವವಾ?

ಸಾಮಾನ್ಯ ಕಾರಿನ ಟೈರ್ 40–50 ಸಾವಿರ ಕಿ.ಮೀ. ಓಡುವುದನ್ನು ನೋಡಿ ಅಭ್ಯಾಸ ಆದವರಿಗೆ ಸ್ಪೋರ್ಟ್ಸ್ ಕಾರು ಶಾಕ್ ಕೊಡುತ್ತದೆ. ಎಂಜಿನ್ ಶಕ್ತಿಯೆಲ್ಲ ಹಿಂದಿನ ಚಕ್ರಗಳಿಗೆ ಹೋಗುವ, 350–400 ಹಾರ್ಸ್‌ಪವರ್ ಕಾರಿಗೆ ಮೆತ್ತಗಿನ ಸಮ್ಮರ್ ಟೈರ್ (ಬೆಚ್ಚಗಿನ ಹವೆಗೆಂದು ಮಾಡಿದ್ದು) ಹಾಕಿದ್ದರೆ, ಹಿಂದಿನ ಜೋಡಿ 15ರಿಂದ 25 ಸಾವಿರ ಕಿ.ಮೀ.ಗೆ ಮುಗಿಯುವುದು ರೋಗವಲ್ಲ. ಮುಂದಿನ ಜೋಡಿ ಅದರ ಒಂದೂವರೆ ಪಟ್ಟು ಬರಬಹುದು, ಕೆಲವು ಕಾರುಗಳಲ್ಲಿ ಎರಡು ಪಟ್ಟು. ರೇಸ್ ಟ್ರ್ಯಾಕ್‌ಗೆಂದೇ ಮಾಡಿದ ಟೈರ್ ಇನ್ನೂ ಬೇಗ ಹೋಗುತ್ತದೆ.

ಕಾರಣ ಒಂದಲ್ಲ, ನಾಲ್ಕೈದು. ರಬ್ಬರ್ ಮೆತ್ತಗೆ. ಹೊಸದರಲ್ಲೇ ಟ್ರೆಡ್ ಆಳ, ಅಂದರೆ ರಸ್ತೆಗೆ ತಾಗುವ ರಬ್ಬರಿನ ತೋಡುಗಳ ಆಳ, ಕಡಿಮೆ: ಸಮ್ಮರ್ ಟೈರಿಗೆ 7–8 ಮಿ.ಮೀ., ಟ್ರ್ಯಾಕ್ ಟೈರಿಗೆ ಐದಾರು ಮಿ.ಮೀ. ಮುಂದೆ ಹಿಂದೆ ಅಳತೆ ಬೇರೆ ಬೇರೆ ಇರುವುದರಿಂದ ಟೈರ್‌ಗಳನ್ನು ಜಾಗ ಬದಲಿಸಿ ಹಾಕಲು ಆಗುವುದಿಲ್ಲ. ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವಂತೆ, ಅಂದರೆ ನೆಗೆಟಿವ್ ಕ್ಯಾಂಬರ್ ಇಟ್ಟು, ಕಾರ್ಖಾನೆಯಿಂದಲೇ ಕಳಿಸುತ್ತಾರೆ. ಎಂಜಿನ್ ಹಿಂದೆ ಇದ್ದರೆ ತೂಕವೂ ಹಿಂದೆಯೇ. ಪೋರ್ಷೆ 911ರಲ್ಲಿ ಹೆಚ್ಚುಕಡಿಮೆ 60 ಪ್ರತಿಶತ ಭಾರ ಹಿಂದಿನ ಟೈರ್‌ಗಳ ಮೇಲಿರುತ್ತದೆ.

ಹಾಗಾದರೆ ದೋಷ ಯಾವುದು? ಒಂದೇ ಟೈರಿನ ಒಳಬದಿಗೂ ಹೊರಬದಿಗೂ ಒಂದೂವರೆ ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದಿದ್ದರೆ ಅನುಮಾನಪಡಿ. ಎಡ ಬಲ ಬೇರೆ ಬೇರೆ ಸವೆದಿದ್ದರೂ ಅಷ್ಟೇ. ನಾಲ್ಕರಲ್ಲಿ ಒಂದು ಮಾತ್ರ ಹೋಗಿದ್ದರೆ ಅನುಮಾನವೇ ಬೇಡ, ಏನೋ ಆಗಿದೆ. ಗುಂಡಿಗೆ ಬಿದ್ದ ಮೇಲೆ, ಸ್ಪ್ರಿಂಗ್ ಬದಲಿಸಿದ ಮೇಲೆ, ಯಾವುದೋ ರಿಪೇರಿ ಆದ ಮೇಲೆ ಸವೆತ ಜೋರಾಗಿದ್ದರೆ ಅದೂ ದೋಷವೇ. ಅಗಲಕ್ಕೆ ಪೂರ್ತಿ ಸಮನಾಗಿ ಸವೆದು 18 ಸಾವಿರಕ್ಕೆ ಮುಗಿದಿದ್ದರೆ ಕಾರನ್ನು ಬಯ್ಯಬೇಡಿ. ನೇರ ಟೈರ್ ಆಯ್ಕೆಯ ಭಾಗಕ್ಕೆ ಹೋಗಿ.

ಕಣ್ಣಂದಾಜು ಸಾಲದು, ಅಳೆಯಿರಿ

ಟ್ರೆಡ್ ಆಳ ಅಳೆಯುವ ಗೇಜ್ ಅಗ್ಗದ ವಸ್ತು. ಪ್ರತಿ ಟೈರಿನಲ್ಲಿ ಒಳಗಿನ ತೋಡು, ನಡುವಿನ ತೋಡು, ಹೊರಗಿನ ತೋಡು, ಈ ಮೂರನ್ನೂ ಅಳೆಯಿರಿ. ಚಕ್ರವನ್ನು ಸ್ವಲ್ಪ ಉರುಳಿಸಿ ಇನ್ನೆರಡು ಕಡೆ ಮತ್ತೆ ಅಳೆಯಿರಿ. ಕಿ.ಮೀ. ಓದಿನ ಜೊತೆ ಬರೆದಿಡಿ.

ಹಿಂದಿನ ಟೈರಿನ ಒಳ ಅಂಚು ನಿಂತ ಕಾರಿನಲ್ಲಿ ಕಾಣುವುದಿಲ್ಲ. ಅಪಾಯ ಇರುವುದು ಅಲ್ಲೇ. ಹೊರಗಿನಿಂದ ನೋಡಿದರೆ ಟೈರ್ ಚೆನ್ನಾಗಿಯೇ ಇರುತ್ತದೆ, ಒಳಗೆ ತಂತಿ ಹೊರಬಂದಿರುತ್ತದೆ. ಲಿಫ್ಟ್ ಇಲ್ಲದಿದ್ದರೆ ಮೊಬೈಲನ್ನು ಚಕ್ರದ ಹಿಂದೆ ಹಿಡಿದು ಫ್ಲ್ಯಾಶ್ ಹಾಕಿ ಫೋಟೋ ತೆಗೆಯಿರಿ. ಕೈ ಹಾಕಿ ತಡಕಾಡಬೇಡಿ, ಸ್ಟೀಲ್ ತಂತಿ ಬೆರಳು ಸೀಳುತ್ತದೆ. ತಂತಿ ಅಥವಾ ನೂಲು ಕಂಡರೆ ಆ ಟೈರ್ ಮುಗಿಯಿತು. ಆ ಕಾರನ್ನು ಓಡಿಸಬೇಡಿ.

ಈಗ ಲೆಕ್ಕ. ಹೊಸದರಲ್ಲಿ 7.5 ಮಿ.ಮೀ. ಇದ್ದ ಟೈರ್ 10,000 ಕಿ.ಮೀ. ಓಡಿದ ಮೇಲೆ ಹೊರಗೆ 5.2, ನಡುವೆ 5.0, ಒಳಗೆ 3.0 ತೋರಿಸುತ್ತಿದೆ ಎಂದುಕೊಳ್ಳಿ. ನಡುಭಾಗ ಸಾವಿರ ಕಿ.ಮೀ.ಗೆ 0.25 ಮಿ.ಮೀ. ಕಳೆದುಕೊಂಡಿದೆ, ಒಳ ಅಂಚು 0.45. ಬಹಳ ದೇಶಗಳಲ್ಲಿ ಕಾನೂನಿನ ಕನಿಷ್ಠ ಆಳ 1.6 ಮಿ.ಮೀ. ಅಂದರೆ ಬಳಸಲು ಸಿಗುವುದು 5.9 ಮಿ.ಮೀ. ನಡುಭಾಗದ ವೇಗದಲ್ಲಿ ಟೈರ್ 23,600 ಕಿ.ಮೀ. ಬರಬೇಕಿತ್ತು. ಒಳ ಅಂಚಿನ ವೇಗದಲ್ಲಿ ಅದು 13,100ಕ್ಕೇ ಕಸದ ಬುಟ್ಟಿಗೆ.

ಇದೇ ಕಾರಿಗೆ ಒಂದೂವರೆ ಪಟ್ಟು ಬಾಳುವ ಗಟ್ಟಿ ಟೈರ್ ಹಾಕಿದರೆ ಏನಾಗುತ್ತದೆ? ಒಳ ಅಂಚು 13,100ರ ಬದಲು ಸುಮಾರು 19,700 ಕಿ.ಮೀ.ಗೆ ಮುಗಿಯುತ್ತದೆ. ಹಳೆಯ ಮೆತ್ತಗಿನ ಟೈರನ್ನೇ ಇಟ್ಟುಕೊಂಡು ಚಕ್ರದ ಕೋನ ಸರಿ ಮಾಡಿಸಿದ್ದರೆ 23,600 ಸಿಗುತ್ತಿತ್ತು. ಗ್ರಿಪ್ ಕಳೆದುಕೊಂಡು, ದುಡ್ಡೂ ಕೊಟ್ಟು, ಕಡಿಮೆ ಕಿ.ಮೀ. ಪಡೆದಂತಾಯಿತು.

ಒಂದು ಎಚ್ಚರಿಕೆ. ಸವೆತ ಉದ್ದಕ್ಕೂ ಒಂದೇ ವೇಗದಲ್ಲಿ ಆಗುವುದಿಲ್ಲ. ಹೊಸ ಟೈರಿನ ಎತ್ತರದ ಟ್ರೆಡ್ ಬ್ಲಾಕ್‌ಗಳು ರಸ್ತೆಗೆ ಒತ್ತಿದಾಗ ಹೆಚ್ಚು ಅಲುಗಾಡುತ್ತವೆ, ಹಾಗಾಗಿ ಶುರುವಿನಲ್ಲಿ ಬೇಗ ಸವೆಯುತ್ತವೆ. ಆಮೇಲೆ ನಿಧಾನವಾಗುತ್ತದೆ. ಮೊದಲ 2,000 ಕಿ.ಮೀ. ನೋಡಿ ಗಾಬರಿಯಾಗುವುದು ಬೇಡ.

ಸವೆತದ ಗುರುತು ಏನು ಹೇಳುತ್ತದೆ

ಎರಡೂ ಅಂಚು ಹೋಗಿ ನಡು ಉಳಿದಿದ್ದರೆ ಗಾಳಿ ಕಡಿಮೆ. ನಡು ಹೋಗಿ ಅಂಚು ಉಳಿದಿದ್ದರೆ ಗಾಳಿ ಜಾಸ್ತಿ ಎನ್ನುತ್ತಾರೆ. ಇದು ಅರ್ಧ ಸತ್ಯ. ಶಕ್ತಿ ಜಾಸ್ತಿ ಇರುವ ಕಾರಿನ ಹಿಂದಿನ ಅಗಲ ಟೈರ್ ಗಾಳಿ ಸರಿಯಿದ್ದರೂ ಬಲವಾಗಿ ಎಳೆದೂ ಎಳೆದೂ ನಡುವೆ ಸ್ವಲ್ಪ ಬೇಗ ಸವೆಯಬಹುದು. ಕಿರಿದಾದ ರಿಮ್ಮಿಗೆ ಅಗಲದ ಟೈರ್ ತುರುಕಿದ್ದರೂ ಟೈರಿನ ನಡು ಉಬ್ಬುತ್ತದೆ. ಆದ್ದರಿಂದ ನಡು ಸವೆದಿದೆ ಎಂದು ಸುಮ್ನೆ ಗಾಳಿ ಇಳಿಸಬೇಡಿ. ರಿಮ್ಮಿನ ಅಗಲ ಆ ಟೈರಿಗೆ ಹೇಳಿದ ಮಿತಿಯಲ್ಲಿದೆಯಾ ಎಂದೂ ನೋಡಿ.

ಮುಂದಿನ ಟೈರಿನ ಹೊರ ಅಂಚು ಮಾತ್ರ ಹೋಗಿದ್ದರೆ ಹೆಚ್ಚಾಗಿ ತಿರುವುಗಳಲ್ಲಿ ಜೋರಾಗಿ ಓಡಿಸುತ್ತಿದ್ದೀರಿ ಎಂದರ್ಥ. ಕಾರು ವಾಲಿದಾಗ ಟೈರ್ ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಬಗೆಯ ಸಸ್ಪೆನ್ಷನ್ ಇರುವ ಕಾರುಗಳಲ್ಲಿ ಇದು ಜಾಸ್ತಿ. ಟ್ರ್ಯಾಕ್‌ಗೆ ಹೋಗುವವರಿಗೆ ಇಲ್ಲಿ ನೆಗೆಟಿವ್ ಕ್ಯಾಂಬರ್ ಹೆಚ್ಚಿಸಿದರೆ ಟೈರ್ ಹೆಚ್ಚು ಬಾಳುತ್ತದೆ. "ಕ್ಯಾಂಬರ್ ಟೈರ್ ತಿನ್ನುತ್ತದೆ" ಎಂದು ಕೇಳಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಬಳಕೆ ಹೇಗೋ ಹಾಗೆ ಕೋನ ಇರಬೇಕು.

ಟೈರಿನ ಸುತ್ತ ಅಲ್ಲಲ್ಲಿ ತಗ್ಗು ಬಿದ್ದು ಅಲೆ ಅಲೆಯಾಗಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿರಬಹುದು, ವೀಲ್ ಬೇರಿಂಗ್ ಸಡಿಲ ಇರಬಹುದು, ಬ್ಯಾಲೆನ್ಸ್ ತಪ್ಪಿರಬಹುದು. ಜೊತೆಗೆ ಗೊರಗೊರ ಸದ್ದು ಬರುತ್ತದೆ. ಎಷ್ಟೋ ಜನ ಅದನ್ನು ಬೇರಿಂಗ್ ಸದ್ದು ಎಂದುಕೊಂಡು ಬೇರಿಂಗ್ ಬದಲಿಸುತ್ತಾರೆ, ಸದ್ದು ಹಾಗೇ ಉಳಿಯುತ್ತದೆ. ಒಂದೇ ಕಡೆ ಚಪ್ಪಟೆಯಾಗಿದ್ದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗಿ ಉಜ್ಜಿಕೊಂಡು ಹೋಗಿದೆ. ಅದಕ್ಕೆ ಅಲೈನ್‌ಮೆಂಟ್‌ನಲ್ಲಿ, ಅಂದರೆ ಚಕ್ರದ ಕೋನ ಸರಿ ಮಾಡುವುದರಲ್ಲಿ, ಮದ್ದಿಲ್ಲ.

ಇನ್ನು ಒಳ ಅಂಚು. ಸ್ಪೋರ್ಟ್ಸ್ ಕಾರಿನ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ. ಎಲ್ಲರೂ ಕ್ಯಾಂಬರ್ ಕಡೆ ಬೆರಳು ತೋರಿಸುತ್ತಾರೆ. ನನ್ನ ಮಟ್ಟಿಗೆ ಮೊದಲ ಅನುಮಾನ ಯಾವಾಗಲೂ ಟೋ ಮೇಲೆ.

ಟೋ: ಕಣ್ಣಿಗೆ ಕಾಣದ ಕಳ್ಳ

ಕಾರನ್ನು ಮೇಲಿನಿಂದ ನೋಡಿದರೆ ಎರಡು ಚಕ್ರಗಳ ಮೂತಿ ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕೆ ತಿರುಗಿದ್ದರೆ ಟೋ-ಔಟ್. ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ವ್ಯತ್ಯಾಸವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಎಷ್ಟು ಲೆಕ್ಕಕ್ಕೆ? ಒಂದು ಚಕ್ರ 0.1 ಡಿಗ್ರಿ ಸೊಟ್ಟಗಿದ್ದರೆ ಅದು ಒಂದು ಕಿ.ಮೀ. ಉರುಳುವಾಗ ಸುಮಾರು 1.75 ಮೀಟರ್ ಅಡ್ಡಕ್ಕೆ ಹೋಗಲು ನೋಡುತ್ತದೆ. ಜೊತೆಯ ಚಕ್ರ ಎದುರು ದಿಕ್ಕಿಗೆ ಎಳೆಯುವುದರಿಂದ ಕಾರು ನೇರ ಹೋಗುತ್ತದೆ, ರಬ್ಬರ್ ಉಜ್ಜಿಹೋಗುತ್ತದೆ. 10,000 ಕಿ.ಮೀ.ಗೆ 17 ಕಿ.ಮೀ.ಗೂ ಜಾಸ್ತಿ ಅಡ್ಡ ಉಜ್ಜಾಟ. 0.25 ಡಿಗ್ರಿ ಆದರೆ ಅದೇ ಲೆಕ್ಕ 43 ಕಿ.ಮೀ. ದಾಟುತ್ತದೆ. ಟೈರ್ ಸ್ವಲ್ಪ ಬಾಗಿ ಇದರಲ್ಲಿ ಒಂದಿಷ್ಟನ್ನು ನುಂಗಿಕೊಳ್ಳುತ್ತದೆ ನಿಜ. ಉಳಿದದ್ದನ್ನು ಟ್ರೆಡ್ ಕಟ್ಟುತ್ತದೆ.

ಕ್ಯಾಂಬರ್ ಒಂದೇ ಇದ್ದರೆ ಸವೆತ ನಿಧಾನ. ಟೋ ಸರಿಯಿದ್ದರೆ ಒಂದೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್ ಇಟ್ಟುಕೊಂಡು ಆರಾಮಾಗಿ ಓಡಿಸಬಹುದು. ಎರಡೂ ಸೇರಿದಾಗ ಕೆಲಸ ಕೆಡುತ್ತದೆ. ಕ್ಯಾಂಬರ್ ಭಾರವನ್ನು ಒಳ ಅಂಚಿನ ಮೇಲೆ ತರುತ್ತದೆ, ಟೋ ಆ ಅಂಚನ್ನೇ ಅಡ್ಡಕ್ಕೆ ಉಜ್ಜುತ್ತದೆ. ಅಗಲದ ನಾಲ್ಕನೇ ಒಂದು ಭಾಗ ಇಡೀ ಟೈರಿನ ಪಾಪ ಹೊರುತ್ತದೆ.

ಟೋ ತಪ್ಪಿದೆಯಾ ಎಂದು ಕೈಯಲ್ಲೇ ತಿಳಿಯಬಹುದು. ತಂತಿ ಬಂದಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ ಅಂಗೈಯನ್ನು ಟ್ರೆಡ್ ಮೇಲೆ ಅಡ್ಡಕ್ಕೆ ಸವರಿ. ಮೊದಲು ಹೊರಗಿನಿಂದ ಒಳಕ್ಕೆ, ಆಮೇಲೆ ಒಳಗಿನಿಂದ ಹೊರಕ್ಕೆ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ ತಪ್ಪಿದೆ. ಒಳಕ್ಕೆ ಸವರಿದಾಗ ನುಣುಪಾಗಿದ್ದು ಹೊರಕ್ಕೆ ಎಳೆದಾಗ ಚುಚ್ಚಿದರೆ ಟೋ-ಇನ್ ಜಾಸ್ತಿ. ಉಲ್ಟಾ ಇದ್ದರೆ ಟೋ-ಔಟ್.

ಇದು ಬಡಪಾಯಿ ಗ್ಯಾರೇಜುಗಳ ತಪ್ಪು ಮಾತ್ರ ಅಲ್ಲ, ದೊಡ್ಡ ಕಂಪನಿಗಳ ಕಾರುಗಳೂ ಇಲ್ಲಿ ಎಡವಿವೆ. 1990ರ ಸುಮಾರಿಗೆ ಬಂದ ಮೊದಲ ಹೋಂಡಾ ಎನ್ಎಸ್ಎಕ್ಸ್ ಹಿಂದಿನ ಟೈರ್‌ಗಳನ್ನು ಬೇಗ ತಿನ್ನುತ್ತದೆ ಎಂಬ ದೂರು ಜೋರಾಗಿತ್ತು. ಸ್ಥಿರತೆಗೆಂದು ಹಿಂದೆ ಇಟ್ಟಿದ್ದ ಟೋ-ಇನ್ ಅನ್ನು ಕಂಪನಿ ಆಮೇಲೆ ಕಡಿಮೆ ಮಾಡಿತು. ಅದೇ ಕಂಪನಿಯ ಎಸ್2000 ಕಾರಿನ ಮೊದಲ ಮಾದರಿಗಳಲ್ಲಿ ಸಸ್ಪೆನ್ಷನ್ ಕೆಳಗೆ ಮೇಲೆ ಆದಾಗ ಹಿಂದಿನ ಟೋ ಬದಲಾಗುವುದು ಜಾಸ್ತಿ ಇತ್ತು. 2004ರ ಮಾದರಿಗೆ ಬರುವಾಗ ಅದನ್ನು ತಗ್ಗಿಸಿದರು. ನಿಸಾನ್ 350ಝಡ್ ಮೊದಲ ವರ್ಷಗಳಲ್ಲಿ ಮುಂದಿನ ಟೈರ್ ಗರಗಸದಂತೆ ಸವೆದು ಸದ್ದು ಮಾಡುತ್ತಿತ್ತು. ಅದಕ್ಕೆ ಕಂಪನಿಯೇ ಸರ್ವಿಸ್ ಸೂಚನೆ ಹೊರಡಿಸಬೇಕಾಯಿತು. ಆದ್ದರಿಂದ ನಿಮ್ಮ ಮಾದರಿಗೆ ಕಂಪನಿ ಅಲೈನ್‌ಮೆಂಟ್ ಅಂಕಿಗಳನ್ನು ಆಮೇಲೆ ಬದಲಿಸಿದೆಯಾ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ ನೋಡಿ. ಈ ಒಂದು ಪ್ರಶ್ನೆಯಿಂದ ಕೆಲವೊಮ್ಮೆ ಇಡೀ ಸಮಸ್ಯೆ ಬಗೆಹರಿಯುತ್ತದೆ.

"ಎಲ್ಲ ಹಸಿರು ಇದೆ ಸಾರ್" ಎಂದರೆ

ಅಲೈನ್‌ಮೆಂಟ್ ಯಂತ್ರದ ಪರದೆಯಲ್ಲಿ ಎಲ್ಲ ಹಸಿರು ಬಂದರೆ ಕೆಲಸ ಮುಗಿಯಿತು ಎಂದು ಕಳಿಸಿಬಿಡುತ್ತಾರೆ. ಹಸಿರು ಎಂದರೆ ಕಂಪನಿ ಹೇಳಿದ ಮಿತಿಯೊಳಗಿದೆ ಎಂದಷ್ಟೇ. ಮಿತಿ ದೊಡ್ಡದು. ಹಿಂದಿನ ಚಕ್ರದ ಟೋ 0.05ರಿಂದ 0.25 ಡಿಗ್ರಿವರೆಗೆ ಇರಬಹುದು ಎಂದು ಬರೆದಿದ್ದರೆ, ಆ ತುದಿಯೂ ಹಸಿರು, ಈ ತುದಿಯೂ ಹಸಿರು. ಮೇಲಿನ ಲೆಕ್ಕ ಹಾಕಿ ನೋಡಿ, ಎರಡು ತುದಿಗಳ ನಡುವೆ ಉಜ್ಜಾಟ ಐದು ಪಟ್ಟು ಬದಲಾಗುತ್ತದೆ.

ಕೇಳಬೇಕಾದ್ದು ಇಷ್ಟು. ಮುಟ್ಟುವ ಮೊದಲಿನ ಅಂಕಿ ಮತ್ತು ಆಮೇಲಿನ ಅಂಕಿ, ಎರಡೂ ಇರುವ ಪ್ರಿಂಟ್ ಬೇಕು. ಹಿಂದಿನ ಚಕ್ರಗಳನ್ನು ಮೊದಲು ಸರಿ ಮಾಡಬೇಕು, ಆಮೇಲೆ ಮುಂದಿನವು. ಎಡ ಬಲ ಟೋ ಸಮ ಇರಬೇಕು. ರಸ್ತೆಯಲ್ಲಿ ಓಡಿಸುವವರಾದರೆ ಹಿಂದಿನ ಟೋ-ಇನ್ ಮಿತಿಯ ಕೆಳತುದಿಗೆ ಹತ್ತಿರ ಇಡಲು ಹೇಳಿ. ಸೊನ್ನೆ ಮಾಡಿಸಬೇಡಿ. ಹಿಂದೆ ಟೋ-ಔಟ್ ಆದರಂತೂ ಕಾರು ವೇಗದಲ್ಲಿ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಟೈರ್ ಉಳಿಸಲು ಹೋಗಿ ಕಾರನ್ನೇ ಕಳೆದುಕೊಂಡರೆ ಏನು ಲಾಭ?

ಗಾಳಿ ಸರಿಯಾಗಿರಬೇಕು, ಕಾರಿನ ಎತ್ತರ ನಿಮ್ಮ ದಿನಬಳಕೆಯದ್ದೇ ಇರಬೇಕು. ಹಗುರ ಕಾರಾದರೆ ಡ್ರೈವರ್ ಸೀಟಿನಲ್ಲಿ ಚಾಲಕನಷ್ಟು ತೂಕ ಇಟ್ಟು ಅಳೆಯುವುದು ಒಳ್ಳೆಯದು. "ಹಿಂದಿನದು ಅಡ್ಜಸ್ಟ್ ಆಗಲ್ಲ" ಎಂದರೆ ನಂಬುವ ಮೊದಲು ಕೆಳಗೆ ಬಗ್ಗಿ ನೋಡಿ. ಬಹಳ ಸಲ ಅಡ್ಜಸ್ಟ್ ಮಾಡುವ ಬೋಲ್ಟ್ ಇದ್ದೇ ಇರುತ್ತದೆ, ತುಕ್ಕು ಹಿಡಿದು ಕೂತಿರುತ್ತದೆ.

ಕಾರನ್ನು ಕೆಳಗಿಳಿಸುವ ಸ್ಪ್ರಿಂಗ್ ಹಾಕಿಸಿದ್ದೀರಾ? ಹಾಗಾದರೆ ಮೂಲ ಕೋನಗಳು ಯಾವುವೂ ಉಳಿದಿಲ್ಲ. ಕ್ಯಾಂಬರ್ ಹೆಚ್ಚಾಗಿರುತ್ತದೆ, ಅದರ ಜೊತೆಗೇ ಟೋ ಕೂಡ ಸರಿದಿರುತ್ತದೆ. ಸ್ಪ್ರಿಂಗ್ ಹಾಕಿದ ಅಂಗಡಿಯಿಂದ ನೇರ ಅಲೈನ್‌ಮೆಂಟ್‌ಗೆ ಹೋಗಬೇಕು. ಸ್ಪ್ರಿಂಗ್ ಸ್ವಲ್ಪ ದಿನ ಕೂರುತ್ತದೆ, ಹಾಗಾಗಿ ಕೆಲವು ವಾರ ಬಿಟ್ಟು ಇನ್ನೊಮ್ಮೆ.

ಪ್ರಿಂಟ್ ಸರಿ, ಟೈರ್ ಮಾತ್ರ ಹೋಗುತ್ತಲೇ ಇದೆ

ಅಲೈನ್‌ಮೆಂಟ್ ಯಂತ್ರ ಅಳೆಯುವುದು ನಿಂತ ಕಾರನ್ನು. ಓಡುವಾಗ ಏನಾಗುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ಹಿಂದಿನ ಆರ್ಮ್‌ಗಳ (ಚಕ್ರವನ್ನು ಕಾರಿಗೆ ಜೋಡಿಸುವ ತೋಳುಗಳು) ಕೀಲಿನ ರಬ್ಬರ್ ಬುಶ್ ಹಳತಾಗಿ ಸಡಿಲವಾಗಿದ್ದರೆ, ಬ್ರೇಕ್ ಹಾಕಿದಾಗ ಚಕ್ರ ಒಂದು ಕಡೆ ತಿರುಗುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಇನ್ನೊಂದು ಕಡೆ. ಪ್ರಿಂಟ್‌ನಲ್ಲಿ ಟೋ ಸರಿ, ರಸ್ತೆಯಲ್ಲಿ ಪ್ರತಿ ಸಲ ಬೇರೆ.

ಇದರ ಸುಳಿವು ಸ್ಟೀರಿಂಗ್‌ಗಿಂತ ಮೊದಲು ಸೊಂಟಕ್ಕೆ ತಿಳಿಯುತ್ತದೆ. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ, ಒತ್ತಿದಾಗ ಕಾರಿನ ಹಿಂಭಾಗ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಂತೆ ಆಗುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಎತ್ತಿ ಚಕ್ರವನ್ನು ಎಡ ಬಲ ಹಿಡಿದು ಅಲ್ಲಾಡಿಸಿ. ಸಡಿಲ ಆಟ ಇದ್ದರೆ ಚಕ್ರದ ದಿಕ್ಕು ಹಿಡಿದಿಡುವ ಸರಳುಗಳಾದ ಟೋ ಲಿಂಕ್, ಟೈ ರಾಡ್ ಕಡೆ ಹುಡುಕಿ. ಮೇಲೆ ಕೆಳಗೆ ಹಿಡಿದು ಅಲ್ಲಾಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಬುಶ್‌ಗಳ ಆಟ ಕೈಗೆ ಸಿಗುವುದಿಲ್ಲ. ಅದಕ್ಕೆ ಮೆಕ್ಯಾನಿಕ್ ಲಿವರ್ ರಾಡ್ ಹಾಕಿ ಮೀಟಿ ನೋಡಬೇಕು. ಬುಶ್ ಬದಲಿಸದೆ ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ.

ಒಂದೇ ಚಕ್ರ ಸವೆಯುತ್ತಿದ್ದು ಆ ಚಕ್ರದ ಕ್ಯಾಂಬರ್ ಇನ್ನೊಂದು ಬದಿಗಿಂತ ಬಹಳ ಬೇರೆ ಇದ್ದರೆ ಯಾವುದೋ ಆರ್ಮ್ ಬಾಗಿದೆ. ಅಡ್ಜಸ್ಟ್ ಮಾಡಿ ಮುಚ್ಚಿಹಾಕಬಹುದು, ಆದರೆ ಮಾಡಬೇಡಿ. ಬಾಗಿದ್ದನ್ನು ಬದಲಿಸಿ.

ಗಾಳಿ ಮತ್ತು ಬಲಗಾಲು

ಅಗಲವಾದ, ಗಿಡ್ಡ ಸೈಡ್‌ವಾಲಿನ (ಪಕ್ಕದ ಗೋಡೆಯ) ಟೈರಿನಲ್ಲಿ ಗಾಳಿ ಕಡಿಮೆಯಾದರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಡ್ಯಾಶ್‌ಬೋರ್ಡಿನ ದೀಪವನ್ನು ನಂಬಿ ಕೂರಬೇಡಿ. ಅಮೆರಿಕದ ನಿಯಮದ ಪ್ರಕಾರ ಗಾಳಿ 25 ಪ್ರತಿಶತ ಇಳಿದ ಮೇಲೆ ದೀಪ ಹತ್ತಿದರೆ ಸಾಕು. ಅಂದರೆ 36 ಪಿಎಸ್ಐ ಇರಬೇಕಾದ ಟೈರ್ 27ಕ್ಕೆ ಇಳಿಯುವವರೆಗೂ ಕಾರು ಸುಮ್ಮನಿರಬಹುದು. ಅಷ್ಟರಲ್ಲಿ ಎರಡೂ ಅಂಚು ಸವೆದಿರುತ್ತವೆ. ಟೈರ್ ತಣ್ಣಗಿರುವಾಗ, ಕನಿಷ್ಠ ಮೂರು ಗಂಟೆ ನಿಂತ ಕಾರಿನಲ್ಲಿ ಅಳೆಯಿರಿ. ತಾಪಮಾನ ಐದಾರು ಡಿಗ್ರಿ ಬದಲಾದರೆ ಸುಮಾರು ಒಂದು ಪಿಎಸ್ಐ ಬದಲಾಗುತ್ತದೆ. ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿರುವ ಅಂಕಿ ಬೇಕು. ಟೈರಿನ ಪಕ್ಕದಲ್ಲಿ ಬರೆದಿರುವುದು ಗರಿಷ್ಠ ಮಿತಿ, ಅದು ನಿಮಗಲ್ಲ. ಇನ್ನು ಟ್ರ್ಯಾಕ್‌ನಲ್ಲಿ ಬಿಸಿ ಟೈರಿನಿಂದ ಗಾಳಿ ಬಿಟ್ಟು, ಮತ್ತೆ ತುಂಬಿಸದೆ ಮನೆಗೆ ಬಂದು, ಹಾಗೇ ತಿಂಗಳುಗಟ್ಟಲೆ ಓಡಿಸುವವರ ಸಂಖ್ಯೆ ದೊಡ್ಡದು.

ಓಡಿಸುವ ರೀತಿಯ ಬಗ್ಗೆ ಉಪದೇಶ ಮಾಡುವುದಿಲ್ಲ. ಹಾಗೆ ಓಡಿಸಲೆಂದೇ ಈ ಕಾರು ಕೊಂಡಿರುತ್ತೀರಿ. ಆದರೂ ಟೈರ್ ಎಲ್ಲಿ ಹೋಗುತ್ತದೆ ಎಂದು ಗೊತ್ತಿರಲಿ. ನೇರ ರಸ್ತೆಯಲ್ಲಿ ವೇಗವಾಗಿ ಹೋಗುವುದಕ್ಕಿಂತ, ತಿರುವಿನಿಂದ ಹೊರಬರುವಾಗ ಬೇಗ ಆಕ್ಸಿಲರೇಟರ್ ಒತ್ತುವುದು ಹಿಂದಿನ ಟೈರನ್ನು ಜಾಸ್ತಿ ತಿನ್ನುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿನುಗಿದ ಪ್ರತಿ ಸಲ ಸ್ವಲ್ಪ ರಬ್ಬರ್ ರಸ್ತೆಗೆ ಅಂಟಿತು ಎಂದೇ ಲೆಕ್ಕ. ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸುವುದು ಮುಂದಿನ ಅಗಲ ಟೈರಿಗೆ ಕೆಟ್ಟದ್ದು.

ಈಗ ಟೈರ್ ಆಯ್ಕೆ

ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಎಂದು ಒಂದು ಅಂಕಿ ಇರುತ್ತದೆ. ಇದು ಟೈರಿನ ಗುಣಮಟ್ಟಕ್ಕೆ ದರ್ಜೆ ಕೊಡುವ ಅಮೆರಿಕದ ಯುಟಿಕ್ಯುಜಿ ಪದ್ಧತಿಯದು. ಅಂಕಿ ಹೆಚ್ಚಿದ್ದಷ್ಟೂ ಬಾಳಿಕೆ ಹೆಚ್ಚು ಎಂಬುದು ತಾತ್ಪರ್ಯ. ಮಿಶಲಿನ್ ಪೈಲಟ್ ಸ್ಪೋರ್ಟ್ 4ಎಸ್‌ಗೆ 300, ಕಾಂಟಿನೆಂಟಲ್ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಸ್ಪೋರ್ಟ್ 02ಗೆ 340, ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್‌ಗೆ 200. ಆಲ್-ಸೀಸನ್, ಅಂದರೆ ಎಲ್ಲ ಕಾಲಕ್ಕೂ ಮಾಡಿದ ಟೈರ್ ಕಡೆ ಹೋದರೆ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4ಕ್ಕೆ 540, ಕಾಂಟಿನೆಂಟಲ್ ಡಿಡಬ್ಲ್ಯುಎಸ್ 06 ಪ್ಲಸ್‌ಗೆ 560.

ಈ ಅಂಕಿಯನ್ನು ಎಷ್ಟು ನಂಬಬೇಕು? ಪರೀಕ್ಷೆ ನಡೆಯುವುದು ಪಶ್ಚಿಮ ಟೆಕ್ಸಾಸ್‌ನ ಸಾರ್ವಜನಿಕ ರಸ್ತೆಗಳ ಸುಮಾರು 640 ಕಿ.ಮೀ. ಸುತ್ತಿನಲ್ಲಿ. ಒಟ್ಟು ಓಟ 7,200 ಮೈಲಿ, ಅಂದರೆ ಹೆಚ್ಚುಕಡಿಮೆ 11,600 ಕಿ.ಮೀ. ಅಷ್ಟರಲ್ಲಿ ಆದ ಸವೆತ ನೋಡಿ ಉಳಿದದ್ದನ್ನು ಲೆಕ್ಕ ಹಾಕುತ್ತಾರೆ. ಅಂಕಿ ಹಾಕುವವರು ಟೈರ್ ಕಂಪನಿಯವರೇ. ಗಳಿಸಿದ್ದಕ್ಕಿಂತ ಕಡಿಮೆ ಅಂಕಿ ಹಾಕಿಕೊಳ್ಳಲೂಬಹುದು. ಹೀಗಾಗಿ ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಇದು ಪರವಾಗಿಲ್ಲ. ಬೇರೆ ಬೇರೆ ಕಂಪನಿಯ 300 ಮತ್ತು 340ರ ನಡುವೆ ಏನೂ ತೀರ್ಮಾನಿಸಬೇಡಿ. 200ರ ಗುಂಪಿನಲ್ಲಂತೂ ಅಂಕಿಗೆ ಅರ್ಥವೇ ಕಡಿಮೆ. ಹಲವು ಹವ್ಯಾಸಿ ರೇಸ್ ನಿಯಮಗಳು ಕನಿಷ್ಠ 200 ಇರಬೇಕು ಎನ್ನುತ್ತವೆ, ಅದಕ್ಕೇ ಎಲ್ಲರೂ 200 ಎಂದೇ ಅಚ್ಚು ಹಾಕುತ್ತಾರೆ.

ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ವಿಷಯ. ಆ ಪರೀಕ್ಷೆಯಲ್ಲಿ ಪ್ರತಿ 800 ಮೈಲಿಗೆ ಟೈರ್‌ಗಳ ಜಾಗ ಬದಲಿಸುತ್ತಾರೆ, ಅಲೈನ್‌ಮೆಂಟ್ ನೋಡಿ ಸರಿ ಮಾಡುತ್ತಾರೆ. ಟೋ ತಪ್ಪಿದ, ಹಿಂದೆ ಮುಂದೆ ಬದಲಿಸಲಾಗದ ನಿಮ್ಮ ಕಾರಿಗೆ ಆ ಅಂಕಿ ಹೇಗೆ ತಾನೇ ಹೊಂದೀತು? ಟೈರ್ ಕಂಪನಿಗಳಿಗೂ ಇದು ಗೊತ್ತು. ಕಿ.ಮೀ. ಖಾತರಿ ಕೊಡುವ ಕೆಲವರು, ಮುಂದೆ ಹಿಂದೆ ಅಳತೆ ಬೇರೆ ಇದ್ದರೆ ಹಿಂದಿನ ಜೋಡಿಗೆ ಅರ್ಧ ಖಾತರಿ ಮಾತ್ರ ಎಂದು ಬರೆದುಕೊಂಡಿರುತ್ತಾರೆ. ಖಾತರಿ ಪತ್ರದ ಸಣ್ಣಕ್ಷರ ಓದಿ. ಯುರೋಪಿನ ಟೈರ್ ಲೇಬಲ್‌ನಲ್ಲಿ ಒದ್ದೆ ರಸ್ತೆಯ ಹಿಡಿತ, ಇಂಧನ, ಸದ್ದು ಇವೆ, ಬಾಳಿಕೆ ಇಲ್ಲ. ಅದರಿಂದ ಈ ವಿಷಯಕ್ಕೆ ಸಹಾಯ ಸಿಗದು.

ಹಾಗಾದರೆ ಯಾವುದು ಕೊಳ್ಳಬೇಕು? ಟ್ರ್ಯಾಕ್ ಟೈರ್ ಹಾಕಿಕೊಂಡು ದಿನಾ ಆಫೀಸಿಗೆ ಓಡಿಸುತ್ತಿದ್ದರೆ, 300ರ ಆಸುಪಾಸಿನ ಸಮ್ಮರ್ ಟೈರಿಗೆ ಇಳಿಯಿರಿ. ಬಾಳಿಕೆಯಲ್ಲಿ ದೊಡ್ಡ ಲಾಭ, ರಸ್ತೆಯ ಮೇಲೆ ಕಳೆದುಕೊಳ್ಳುವುದು ಬಹಳ ಕಡಿಮೆ. ಮಳೆಯಲ್ಲಂತೂ ಇನ್ನೂ ಚೆನ್ನಾಗಿರುತ್ತದೆ. ಆಗಲೇ 300ರ ಟೈರ್ ಇದ್ದು ಅದು ಸಮನಾಗಿ ಸವೆಯುತ್ತಿದ್ದರೆ, ಮುಂದಿನ ಮೆಟ್ಟಿಲು ಸ್ಪೋರ್ಟ್ಸ್ ಆಲ್-ಸೀಸನ್. ಇಲ್ಲಿ ಬೆಲೆ ತೆರಬೇಕಾಗುತ್ತದೆ. ಬಿಸಿ ಒಣ ರಸ್ತೆಯಲ್ಲಿ ಬ್ರೇಕ್ ದೂರ ಹೆಚ್ಚುತ್ತದೆ, ಸ್ಟೀರಿಂಗ್ ಸ್ವಲ್ಪ ಸೋಮಾರಿಯಾಗುತ್ತದೆ. ಶಾಂತವಾಗಿ ಓಡಿಸುವವರಿಗೆ, ತಾಪಮಾನ 7 ಡಿಗ್ರಿಗಿಂತ ಕೆಳಗೆ ಹೋಗುವ ಊರಿನವರಿಗೆ ಇದು ಒಳ್ಳೆಯ ಆಯ್ಕೆ, ಯಾಕೆಂದರೆ ಆ ಚಳಿಯಲ್ಲಿ ಸಮ್ಮರ್ ಟೈರಿನ ರಬ್ಬರ್ ಗಡುಸಾಗಿಬಿಡುತ್ತದೆ. ಬರೀ ಕಿ.ಮೀ.ಗಾಗಿ, ಹೆಸರು ಕೇಳದ ಗಟ್ಟಿ ಟೈರನ್ನು 400 ಹಾರ್ಸ್‌ಪವರ್ ಕಾರಿಗೆ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಉಳಿಸಿದ ದುಡ್ಡು ಮಳೆಗಾಲದ ಮೊದಲ ಬ್ರೇಕಿನಲ್ಲೇ ಹೋಗಬಹುದು.

ಆಯ್ಕೆ ಮಾಡುವಾಗ ಬಿಡಬಾರದ ಕೆಲವು ವಿಷಯ ಇವೆ. ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರದ ಅಂಕಿ) ಮತ್ತು ವೇಗದ ಅಕ್ಷರ (ತಾಳಬಲ್ಲ ಗರಿಷ್ಠ ವೇಗದ ಗುರುತು) ಕಾರಿನ ಕೈಪಿಡಿಗಿಂತ ಕೆಳಗಿರಬಾರದು. ಡಬ್ಲ್ಯು ಎಂದರೆ ಗಂಟೆಗೆ 270 ಕಿ.ಮೀ., ವೈ ಎಂದರೆ 300. ಕೆಲವು ಟೈರ್‌ಗಳ ಮೇಲೆ ಕಾರು ಕಂಪನಿಯ ಗುರುತು ಇರುತ್ತದೆ: ಪೋರ್ಷೆಗೆ ಎನ್0, ಎನ್1 ಹೀಗೆ, ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ. ಒಂದೇ ಹೆಸರಿನ ಟೈರ್ ಆದರೂ ಗುರುತು ಇರುವುದಕ್ಕೂ ಇಲ್ಲದ್ದಕ್ಕೂ ರಬ್ಬರ್ ಬೇರೆ ಇರಬಹುದು, ಟ್ರೆಡ್‌ವೇರ್ ಅಂಕಿಯೂ ಬೇರೆ ಇರಬಹುದು. ಹಾಗಾಗಿ ನಿಮ್ಮ ಅಳತೆಯ, ನಿಮ್ಮ ಗುರುತಿನ ಟೈರಿನ ಅಂಕಿಯನ್ನೇ ನೋಡಿ. ಹೊಸದರ ಟ್ರೆಡ್ ಆಳವನ್ನೂ ಕೇಳಿ. 7ರ ಬದಲು 8 ಮಿ.ಮೀ. ಇದ್ದರೆ ಬಳಸಲು ಸಿಗುವ ರಬ್ಬರ್ 5.4ರಿಂದ 6.4ಕ್ಕೆ ಏರುತ್ತದೆ. ಟೈರಿನ ಪಕ್ಕದಲ್ಲಿರುವ ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 1824 ಎಂದರೆ 2024ರ 18ನೇ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತದ್ದನ್ನು ಕೊಳ್ಳಬೇಡಿ.

ಮುಂದೆ ಒಂದು ಬಗೆ, ಹಿಂದೆ ಇನ್ನೊಂದು ಬಗೆ ಬೇಡ. ಹಿಂದೆ ಬೇಗ ಸವೆಯುತ್ತದೆ ಎಂದು ಹಿಂದಕ್ಕೆ ಮಾತ್ರ ಗಟ್ಟಿ ಆಲ್-ಸೀಸನ್ ಹಾಕುವ ಉಪಾಯ ಆಗಾಗ ಕೇಳಿಬರುತ್ತದೆ. ಮುಂದಿನ ಟೈರ್ ಹಿಡಿದುಕೊಂಡು ಹಿಂದಿನದು ಜಾರಿದರೆ ಕಾರು ಸುತ್ತುತ್ತದೆ. ಆಲ್-ವೀಲ್ ಡ್ರೈವ್ ಕಾರಿನಲ್ಲಿ ಇನ್ನೊಂದು ತೊಂದರೆ ಇದೆ. ಒಂದು ಟೈರ್ ಹೊಸದು, ಉಳಿದ ಮೂರು ಸವೆದವು ಎಂದಾದರೆ ಸುತ್ತಳತೆ ಬೇರೆ ಆಗಿ ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಜೋಡಣೆ) ಬಿಸಿಯಾಗುತ್ತದೆ. ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ಆ ಕಾರಿನ ಕೈಪಿಡಿಯಲ್ಲಿ ಬರೆದಿರುತ್ತಾರೆ.

ಟ್ರ್ಯಾಕ್‌ಗೂ ಹೋಗಬೇಕು, ರಸ್ತೆಯಲ್ಲೂ ಟೈರ್ ಬಾಳಬೇಕು ಎನ್ನುವವರಿಗೆ ಒಂದೇ ಟೈರಿನಲ್ಲಿ ಉತ್ತರವಿಲ್ಲ. ಎರಡು ಜೊತೆ ರಿಮ್ ಇಟ್ಟುಕೊಳ್ಳುವುದೇ ಕೊನೆಗೆ ಅಗ್ಗ. ಒಂದರಲ್ಲಿ 200ರ ಟೈರ್, ಇನ್ನೊಂದರಲ್ಲಿ ರಸ್ತೆಯದು. ಕ್ಯಾಂಬರ್ ಸರಿಸಲು ಬಿಡುವ ಕ್ಯಾಂಬರ್ ಪ್ಲೇಟ್ ಹಾಕಿಸಿದ್ದರೆ ಟ್ರ್ಯಾಕ್ ಕೋನ, ರಸ್ತೆ ಕೋನ ಎರಡನ್ನೂ ಗುರುತು ಮಾಡಿಟ್ಟುಕೊಳ್ಳಿ. ಆದರೆ ಬಹಳ ಕಾರುಗಳಲ್ಲಿ ಕ್ಯಾಂಬರ್ ಸರಿಸಿದಾಗ ಟೋ ತಾನೂ ಸರಿಯುತ್ತದೆ. ಎರಡು ಗುರುತುಗಳಲ್ಲೂ ಟೋ ಎಷ್ಟಿದೆ ಎಂದು ಯಂತ್ರದ ಮೇಲೆ ಒಮ್ಮೆ ಅಳೆಸಿ, ಎಷ್ಟು ತಿರುಗಿಸಿದರೆ ಸರಿಹೋಗುತ್ತದೆ ಎಂದು ಬರೆದಿಟ್ಟುಕೊಳ್ಳಿ.